ಎಂಟು ದಿನದ ಪಾಸ್ ಕೊಳ್ಳುವ ಮುನ್ನ: ಸ್ವಿಟ್ಜರ್ಲೆಂಡ್ ರೈಲು ಪ್ರವಾಸದ ಒಂದು ಪ್ರಶ್ನೆ

ಪ್ರಶ್ನೆ: ನನಗೆ 66, ಪತ್ನಿಗೆ 61. ಊರು ಶಿವಮೊಗ್ಗ. ಮಗ ಮ್ಯೂನಿಕ್‌ನಲ್ಲಿ ಕೆಲಸದಲ್ಲಿದ್ದಾನೆ. ಸೆಪ್ಟೆಂಬರ್ ಕೊನೆಯ ವಾರದಲ್ಲಿ ಮಗ, ಸೊಸೆ, ಒಂಬತ್ತು ವರ್ಷದ ಮೊಮ್ಮಗಳು ಮತ್ತು ನಾವಿಬ್ಬರು ಅಲ್ಲಿಂದ ರೈಲಿನಲ್ಲೇ ಸ್ವಿಟ್ಜರ್ಲೆಂಡಿಗೆ ಹೋಗಿ ಎಂಟು ದಿನ ಸುತ್ತುವ ಯೋಚನೆಯಿದೆ. ಲುಸರ್ನ್‌ನಲ್ಲಿ ಎರಡು ರಾತ್ರಿ, ಇಂಟರ್‌ಲಾಕೆನ್‌ನಲ್ಲಿ ಮೂರು, ಕೂರ್‌ನಲ್ಲಿ ಎರಡು. ಪ್ರವಾಸ ಸಂಸ್ಥೆಯವರು ಎಲ್ಲರಿಗೂ ಎಂಟು ದಿನದ ಮೊದಲ ದರ್ಜೆಯ ಸ್ವಿಸ್ ಟ್ರಾವೆಲ್ ಪಾಸ್, ಗಾಜಿನ ಚಾವಣಿಯ ಪ್ರವಾಸಿ ರೈಲುಗಳಾದ ಗ್ಲೇಸಿಯರ್ ಎಕ್ಸ್‌ಪ್ರೆಸ್ ಮತ್ತು ಬರ್ನಿನಾ ಎಕ್ಸ್‌ಪ್ರೆಸ್ ಆಸನಗಳು, ಹಿಮಬೆಟ್ಟದ ಮೇಲಿನ ಯುಂಗ್‌ಫ್ರೌಯೋಖ್ ನಿಲ್ದಾಣಕ್ಕೆ ದಿನಾಂಕ ನಿಗದಿಯಾದ ಟಿಕೆಟ್ ಎಲ್ಲ ಸೇರಿಸಿ ದೊಡ್ಡ ಮೊತ್ತ ಹೇಳಿದ್ದಾರೆ. ‘ಪಾಸ್ ಇದ್ದರೆ ಎಲ್ಲವೂ ಉಚಿತ, ಆ ಎರಡು ರೈಲು ಹತ್ತದಿದ್ದರೆ ಹೋಗಿಯೂ ಪ್ರಯೋಜನವಿಲ್ಲ’ ಎನ್ನುತ್ತಾರೆ. ಮಗ ಯುರೋಪಿನ ಹಲವು ದೇಶಗಳಲ್ಲಿ ನಡೆಯುವ ಇಂಟರ್‌ರೈಲ್ ಪಾಸ್ ಅಗ್ಗ ಎನ್ನುತ್ತಾನೆ. ಪತ್ನಿಗೆ ಮಂಡಿನೋವು, ರಕ್ತದೊತ್ತಡ ಎರಡೂ ಇವೆ. ಬರ್ನಿನಾ ರೈಲು ಇಟಲಿಯಲ್ಲಿ ನಿಲ್ಲುವುದರಿಂದ ವೀಸಾ ತೊಂದರೆಯಾದೀತೇ ಎಂಬ ಭಯವೂ ಇದೆ. ಯಾವುದನ್ನು ಕೊಳ್ಳಬೇಕು?

ಉತ್ತರ: ವೀಸಾ ವಿಷಯ ಮೊದಲು ಮುಗಿಸುತ್ತೇನೆ. ಜರ್ಮನಿ, ಸ್ವಿಟ್ಜರ್ಲೆಂಡ್, ಇಟಲಿ ಮೂರೂ ಷೆಂಗೆನ್ ವಲಯದಲ್ಲಿವೆ. ವಲಯದೊಳಗೆ ಗಡಿ ದಾಟಿದರೆ ಅದು ಹೊಸ ಪ್ರವೇಶವೆಂದು ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಪ್ರವೇಶದ ವೀಸಾ ಇದ್ದರೂ ಬರ್ನಿನಾ ರೈಲು ಕೊನೆಗೆ ನಿಲ್ಲುವ ಇಟಲಿಯ ತಿರಾನೊಗೆ ಹೋಗಿ ಊಟ ಮಾಡಿ ಬರಬಹುದು. ಪಾಸ್‌ಪೋರ್ಟ್ ಮಾತ್ರ ಜೇಬಿನಲ್ಲಿರಲಿ. ಟಿಕೆಟ್ ತಪಾಸಣೆಯಲ್ಲೂ ಅದನ್ನು ಕೇಳುತ್ತಾರೆ.

ಇನ್ನು ಹಣದ ಮಾತು. ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಖರೀದಿಗಳು ಒಂದೇ ಗಂಟಿನಲ್ಲಿವೆ. ಹಳಿಯ ಮೇಲೆ ಪ್ರಯಾಣಿಸುವ ಹಕ್ಕು ಒಂದು. ಗಾಜಿನ ಚಾವಣಿಯ ಬೋಗಿಯಲ್ಲಿ ಕೂರುವ ಹಕ್ಕು ಇನ್ನೊಂದು. ಶಿಖರಗಳ ಮೇಲೆ ಏರುವ ಖಾಸಗಿ ಬೆಟ್ಟದ ರೈಲುಗಳ ಟಿಕೆಟ್ ಮತ್ತೊಂದು. ಪಾಸ್ ಕೊಡುವುದು ಮೊದಲನೆಯದನ್ನು ಪೂರ್ತಿಯಾಗಿ, ಮೂರನೆಯದನ್ನು ಅರೆಬರೆಯಾಗಿ. ಎರಡನೆಯದನ್ನು ಅದು ಕೊಡುವುದೇ ಇಲ್ಲ. ಗ್ಲೇಸಿಯರ್ ಮತ್ತು ಬರ್ನಿನಾ ಎಕ್ಸ್‌ಪ್ರೆಸ್‌ಗಳಲ್ಲಿ ಪಾಸ್ ಇದ್ದವರೂ ಆಸನ ಕಾಯ್ದಿರಿಸಲೇಬೇಕು, ಅದಕ್ಕೆ ಬೇರೆ ಹಣ. ಗ್ಲೇಸಿಯರ್‌ನಲ್ಲಿ ತಲೆಗೆ 50 ಫ್ರಾಂಕ್ ಆಸುಪಾಸು, ಬರ್ನಿನಾದಲ್ಲಿ ಅದಕ್ಕಿಂತ ಕಡಿಮೆ. ಫ್ರಾಂಕ್‌ನ ಬೆಲೆ ಈಗ ನೂರು ರೂಪಾಯಿ ದಾಟಿರುವುದನ್ನು ನೆನಪಿಡಿ. ‘ಎಲ್ಲವೂ ಉಚಿತ’ ಎಂಬ ಮಾತು ಇಲ್ಲಿಗೇ ಬಿದ್ದುಹೋಯಿತು.

ಪ್ರವಾಸ ಸಂಸ್ಥೆಯವರು ಮೋಸ ಮಾಡುತ್ತಿದ್ದಾರೆಂದು ನಾನು ಹೇಳುವುದಿಲ್ಲ. ನಲವತ್ತು ಜನರ ಗುಂಪನ್ನು ಸಂಭಾಳಿಸುವವರಿಗೆ ಎಲ್ಲರ ಕೈಯಲ್ಲೂ ಒಂದೇ ಪಾಸ್, ಒಂದೇ ರೈಲು, ಒಂದೇ ದಿನಾಂಕ ಇದ್ದರೆ ತಲೆನೋವು ಕಡಿಮೆ. ನಿಮ್ಮದು ಐದು ಜನರ ಮನೆ. ಅವರ ಅನುಕೂಲಕ್ಕೆ ನೀವು ಹಣ ತೆರಬೇಕಿಲ್ಲ.

ಗಾಜಿನ ಬೋಗಿಯ ಮಾತಿಗೆ ಬರೋಣ, ನನ್ನ ಬಳಿ ಬರುವವರಲ್ಲಿ ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲಿಯೇ. ಸಕಲೇಶಪುರದಿಂದ ಸುಬ್ರಹ್ಮಣ್ಯ ರಸ್ತೆಗೆ ಘಾಟಿ ಇಳಿಯುವ ರೈಲಿಗೆ 2021ರಿಂದ ವಿಸ್ಟಾಡೋಮ್ ಬೋಗಿ ಸೇರಿಸಿದ್ದಾರಲ್ಲ, ಆ ರೈಲಿನ ಸಾಮಾನ್ಯ ಬೋಗಿಯ ಬಾಗಿಲಲ್ಲಿ ನಿಂತವನಿಗೂ ಅದೇ ಕಣಿವೆ, ಅದೇ 57 ಸುರಂಗ. ಆಲ್ಪ್ಸ್‌ನಲ್ಲೂ ನೋಟ ಇರುವುದು ಹಳಿಯಲ್ಲಿ, ಬೋಗಿಯಲ್ಲಲ್ಲ. ಬರ್ನಿನಾ ಎಕ್ಸ್‌ಪ್ರೆಸ್ ಓಡುವ ಅದೇ ಹಳಿಯ ಮೇಲೆ ರೇಟಿಯನ್ ರೈಲ್ವೆಯ ಕೆಂಪು ಪ್ರಾದೇಶಿಕ ರೈಲುಗಳು ದಿನವಿಡೀ ಓಡುತ್ತವೆ. ಅವುಗಳಿಗೆ ಕಾಯ್ದಿರಿಸುವಿಕೆ ಬೇಡ. ಬೇಕಾದ ನಿಲ್ದಾಣದಲ್ಲಿ ಇಳಿದು ಮುಂದಿನ ರೈಲು ಹತ್ತಬಹುದು. ಎಕ್ಸ್‌ಪ್ರೆಸ್‌ನ ಕಿಟಕಿ ತೆರೆಯುವುದಿಲ್ಲ, ಬಿಸಿಲಿದ್ದರೆ ನಿಮ್ಮ ಫೋಟೋದಲ್ಲಿ ಹಿಮದ ಜೊತೆ ಎದುರು ಸೀಟಿನವರ ಮುಖವೂ ಬೀಳುತ್ತದೆ. ಪ್ರಾದೇಶಿಕ ರೈಲಿನ ಕೆಲವು ಬೋಗಿಗಳಲ್ಲಿ ಕಿಟಕಿ ಇಳಿಸಬಹುದು.

ಹಾಗೆಂದು ಎಕ್ಸ್‌ಪ್ರೆಸ್ ದಂಡವೆನ್ನಲಾರೆ. ನಿಗದಿತ ಆಸನ, ತಲೆಯ ಮೇಲಿನವರೆಗೂ ಗಾಜು, ಬಹುತೇಕ ದಾರಿಯಲ್ಲಿ ರೈಲು ಬದಲಿಸುವ ಗೋಜಿಲ್ಲದಿರುವುದು ಮಂಡಿನೋವಿನವರಿಗೆ ನಿಜವಾದ ಸುಖ. ಪ್ರಾದೇಶಿಕ ರೈಲಿನಲ್ಲಿ ಐದು ಜನರಿಗೆ ಒಟ್ಟಿಗೆ ಸೀಟು ಸಿಗುತ್ತದೆಂಬ ಭರವಸೆಯಿಲ್ಲ, ಶನಿವಾರ ಭಾನುವಾರ ಒಳ್ಳೆಯ ಬಿಸಿಲಿದ್ದರೆ ಜನ ತುಂಬುತ್ತಾರೆ. ವಾರದ ದಿನ, ಬೆಳಗಿನ ರೈಲು ಹಿಡಿದರೆ ಸಾಮಾನ್ಯವಾಗಿ ತೊಂದರೆಯಾಗುವುದಿಲ್ಲ.

ಈಗ ಎರಡು ದಾರಿಗಳನ್ನು ಬಿಡಿಬಿಡಿಯಾಗಿ ನೋಡೋಣ. ಎರಡರಲ್ಲಿ ಒಂದನ್ನು ಮಾತ್ರ ಆರಿಸಿಕೊಳ್ಳಬೇಕೆಂದರೆ ಹಿಂದುಮುಂದು ನೋಡದೆ ಬರ್ನಿನಾ ಎನ್ನುತ್ತೇನೆ.

ಬರ್ನಿನಾ ಹಳಿ 1910ರಲ್ಲಿ ಪೂರ್ತಿಯಾಯಿತು. ಅದರ ಏರು ಸಾವಿರಕ್ಕೆ 70, ಅಂದರೆ ಸುಮಾರು 14 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಮೇಲೆ. ನಮ್ಮ ಸಕಲೇಶಪುರ ಘಾಟಿಯದು 50ಕ್ಕೆ ಒಂದು. ಊಟಿಗೆ ಹೋಗುವ ನೀಲಗಿರಿ ರೈಲು 12ಕ್ಕೆ ಒಂದರ ಏರನ್ನು ಹಳಿಗಳ ನಡುವೆ ಹಲ್ಲಿನ ಪಟ್ಟಿ ಕೂರಿಸಿಕೊಂಡು ಹತ್ತುತ್ತದೆ. ಆ ವ್ಯವಸ್ಥೆಯನ್ನು ರೂಪಿಸಿದ ರೋಮನ್ ಆಬ್ಟ್ ಸ್ವಿಟ್ಜರ್ಲೆಂಡಿನವನೇ. ಬರ್ನಿನಾ ರೈಲಿಗೆ ಹಲ್ಲಿನ ಪಟ್ಟಿಯೂ ಇಲ್ಲ, ಬರೀ ಚಕ್ರ ಮತ್ತು ಹಳಿಯ ಹಿಡಿತದಲ್ಲೇ ಅದು 2253 ಮೀಟರ್ ಎತ್ತರದ ಓಸ್ಪಿಜಿಯೊ ಬರ್ನಿನಾ ನಿಲ್ದಾಣಕ್ಕೆ ಏರಿ, ಅಲ್ಲಿಂದ 429 ಮೀಟರ್‌ನ ತಿರಾನೊಗೆ ಇಳಿಯುತ್ತದೆ. ಬೆಳಗ್ಗೆ ಹಿಮನದಿ ನೋಡಿದವರು ಮಧ್ಯಾಹ್ನ ದ್ರಾಕ್ಷಿ ತೋಟಗಳ ನಡುವೆ ಇರುತ್ತಾರೆ. ದಾರಿಯಲ್ಲಿ ಮೊರ್ಟೆರಾಚ್ ಹಿಮನದಿ, ಲಾಗೊ ಬಿಯಾಂಕೊ ಸರೋವರ, ಆಲ್ಪ್ ಗ್ರ್ಯೂಮ್‌ನಿಂದ ಕೆಳಗೆ ಕಾಣುವ ಪೊಸ್ಕಿಯಾವೊ ಕಣಿವೆ ಸಿಗುತ್ತವೆ. ಕೊನೆಗೆ ಬ್ರೂಸಿಯೊದಲ್ಲಿ ಬಯಲಿನ ನಡುವೆ ಕಲ್ಲಿನ ಸೇತುವೆಯ ಮೇಲೆ ರೈಲು ಪೂರಾ ಒಂದು ಸುತ್ತು ಹಾಕಿ ತನ್ನದೇ ಹಳಿಯ ಕೆಳಗೆ ನುಸುಳುತ್ತದೆ. ಕೂರ್‌ನಿಂದ ಹೊರಟರೆ ಇದಕ್ಕೂ ಮೊದಲು ಅಲ್ಬುಲಾ ಹಳಿ ಬರುತ್ತದೆ. ಅದರ ಲ್ಯಾಂಡ್‌ವಾಸರ್ ಸೇತುವೆ 65 ಮೀಟರ್ ಎತ್ತರದಲ್ಲಿ ತಿರುಗುತ್ತಾ ನೇರವಾಗಿ ಬಂಡೆಯ ಗೋಡೆಯೊಳಗಿನ ಸುರಂಗಕ್ಕೆ ಹೊಗುತ್ತದೆ. ಎರಡೂ ಹಳಿಗಳು ಸೇರಿ 2008ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಬಂದವು. ಹೋಗುವಾಗ ಬಲಗಡೆಯ ಸೀಟು ಹಿಡಿಯಿರಿ. ಮೊಮ್ಮಗಳನ್ನು ಹಿಂದಿನ ಬೋಗಿಯಲ್ಲಿ ಕೂರಿಸಿದರೆ ಸೇತುವೆಯ ತಿರುವಿನಲ್ಲಿ ಎಂಜಿನ್ ಸುರಂಗದೊಳಗೆ ಮಾಯವಾಗುವುದು ಅವಳಿಗೆ ಕಾಣುತ್ತದೆ.

ತೊಂದರೆ ಇರುವುದು ಸಮಯದಲ್ಲಿ. ಕೂರ್‌ನಿಂದ ತಿರಾನೊಗೆ ನಾಲ್ಕು ಗಂಟೆಗೂ ಹೆಚ್ಚು. ಒಂದೇ ದಿನ ಹೋಗಿ ಬಂದರೆ ಒಂಬತ್ತು ಗಂಟೆ ರೈಲಿನಲ್ಲೇ ಕಳೆಯಬೇಕು. ಅರವತ್ತು ದಾಟಿದವರಿಗೆ ನಾನು ಇದನ್ನು ಸೂಚಿಸುವುದಿಲ್ಲ, ಬರುವಾಗ ಎಲ್ಲರೂ ನಿದ್ದೆ ಮಾಡುತ್ತಿರುತ್ತಾರೆ. ಕೂರ್‌ನ ಎರಡು ರಾತ್ರಿಗಳಲ್ಲಿ ಒಂದನ್ನು ಪೊಂಟ್ರೆಸಿನಾಕ್ಕೆ ವರ್ಗಾಯಿಸಿ. ಬೆಳಗ್ಗೆ ಕೂರ್ ಬಿಟ್ಟು, ಪೊಂಟ್ರೆಸಿನಾದ ಹೋಟೆಲಿನಲ್ಲಿ ಸಾಮಾನು ಇಟ್ಟು, ತಿರಾನೊಗೆ ಹೋಗಿ ಸಂಜೆ ಅಲ್ಲಿಗೇ ಮರಳಿ. ತಿರಾನೊದಲ್ಲಿ ಬಕ್‌ವೀಟ್ ಹಿಟ್ಟಿನಿಂದ ಮಾಡುವ ಪಿಟ್ಸೊಕ್ಕೇರಿ ಎಂಬ ಪಾಸ್ತಾ ಸಿಗುತ್ತದೆ. ಕೋಸು, ಆಲೂಗಡ್ಡೆ, ಚೀಸ್ ಹಾಕಿದ್ದು. ಸಸ್ಯಾಹಾರಿಗಳಿಗೆ ಆ ಭಾಗದಲ್ಲಿ ಅದಕ್ಕಿಂತ ಒಳ್ಳೆಯ ಊಟ ನನಗೆ ಸಿಕ್ಕಿಲ್ಲ.

ಗ್ಲೇಸಿಯರ್ ಎಕ್ಸ್‌ಪ್ರೆಸ್‌ನ ಕಥೆ ಬೇರೆ. 1930ರಲ್ಲಿ ಜರ್ಮಾಟ್ ಮತ್ತು ಸೇಂಟ್ ಮೊರಿಟ್ಜ್ ನಡುವೆ ಈ ರೈಲು ಶುರುವಾದಾಗ ಫುರ್ಕಾ ಘಟ್ಟದ ಮೇಲಿನಿಂದ ರೋನ್ ಹಿಮನದಿ ಕಾಣುತ್ತಿತ್ತು, ಹೆಸರು ಬಂದದ್ದು ಅದರಿಂದ. 1982ರಲ್ಲಿ ಫುರ್ಕಾ ತಳಸುರಂಗ ತೆರೆಯಿತು. ಅಂದಿನಿಂದ ರೈಲು ಆ ಭಾಗವನ್ನು 15 ಕಿಲೋಮೀಟರ್ ಕತ್ತಲಲ್ಲಿ ದಾಟುತ್ತದೆ. ಹಿಮನದಿ ಕಾಣುತ್ತದೆಂದು ಟಿಕೆಟ್ ತೆಗೆದುಕೊಂಡವರು ಸುಮ್ಮನೆ ಗಾಜು ನೋಡುತ್ತಾ ಕೂರುತ್ತಾರೆ. ಒಟ್ಟು ಎಂಟು ಗಂಟೆಯ ಪ್ರಯಾಣ. ಅದರಲ್ಲಿ ಬಿಡಲೇಬಾರದ ಭಾಗಗಳು ನನ್ನ ಲೆಕ್ಕದಲ್ಲಿ ಎರಡು: 2033 ಮೀಟರ್‌ನ ಓಬರಾಲ್ಪ್ ಘಟ್ಟ ಮತ್ತು ಕೂರ್‌ಗೆ ಮುಂಚಿನ ರೈನ್ ಕಮರಿ. ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಫ್ಲಿಮ್ಸ್ ಬಳಿ ಬೆಟ್ಟವೇ ಕುಸಿದು ಕಣಿವೆಯನ್ನು ಮುಚ್ಚಿತು. ಆ ಬಿಳಿ ಸುಣ್ಣಕಲ್ಲಿನ ರಾಶಿಯನ್ನು ಕೊರೆದುಕೊಂಡು ರೈನ್ ನದಿ ಹರಿಯುತ್ತದೆ, ಹಳಿ ಅದರ ದಡದಲ್ಲೇ ಇದೆ.

ಈ ಎರಡೂ ಭಾಗಗಳು ನಿಮ್ಮ ದಾರಿಯಲ್ಲೇ ಬರುವಂತೆ ಮಾಡಬಹುದು. ಆರನೆಯ ದಿನ ಇಂಟರ್‌ಲಾಕೆನ್‌ನಿಂದ ಕೂರ್‌ಗೆ ಹೇಗೂ ಹೋಗಬೇಕು. ಮೊಬೈಲ್ ಆ್ಯಪ್ ನಿಮಗೆ ಜ್ಯೂರಿಕ್ ಮೂಲಕ ಮೂರೂವರೆ ಗಂಟೆಯ ದಾರಿ ತೋರಿಸುತ್ತದೆ, ಅದಕ್ಕೆ ಗೊತ್ತಿರುವುದು ಬೇಗ ತಲುಪಿಸುವುದು ಮಾತ್ರ. ನೀವು ಸ್ಪೀಟ್ಸ್, ಬ್ರಿಗ್, ಆಂಡರ್‌ಮಾಟ್, ಡಿಸೆಂಟಿಸ್ ಮೂಲಕ ಎಂದು ನಮೂದಿಸಿ. ಬ್ರಿಗ್‌ನಿಂದ ಕೂರ್‌ವರೆಗೆ ಗ್ಲೇಸಿಯರ್ ಎಕ್ಸ್‌ಪ್ರೆಸ್‌ನ ಹಳಿಯೇ, ಸಾಮಾನ್ಯ ರೈಲು, ಕಾಯ್ದಿರಿಸುವಿಕೆ ಇಲ್ಲ. ಸ್ಪೀಟ್ಸ್‌ನಿಂದ ಬ್ರಿಗ್‌ಗೆ ಹೋಗುವಾಗಲೂ ಕಾಂಡರ್‌ಸ್ಟೆಗ್ ಮೂಲಕ ಹೋಗುವ ರೈಲನ್ನೇ ಹಿಡಿಯಿರಿ. ವೇಗದ ರೈಲುಗಳು 2007ರಲ್ಲಿ ತೆರೆದ ಲೋಟ್ಷ್‌ಬರ್ಗ್ ತಳಸುರಂಗದಲ್ಲಿ ಹೋಗುತ್ತವೆ, ಅಲ್ಲಿ ನೋಡಲು ಏನೂ ಇಲ್ಲ. ಗೊತ್ತಾರ್ಡ್ ದಾರಿಯಲ್ಲೂ ಇದೇ ಪಾಠ: ವೇಗದ ರೈಲು 57 ಕಿಲೋಮೀಟರ್ ಸುರಂಗದಲ್ಲಿ, ಹಳೆಯ ಬೆಟ್ಟದ ಹಳಿಯಲ್ಲಿ ನಿಧಾನದ ರೈಲು.

ಇದರ ಬೆಲೆಯೂ ಹೇಳಬೇಕು. ಒಟ್ಟು ಆರು ಗಂಟೆಗೂ ಹೆಚ್ಚು ಹೊತ್ತು, ನಾಲ್ಕು ಕಡೆ ರೈಲು ಬದಲಾವಣೆ, ಕೆಲವೆಡೆ ಕೈಯಲ್ಲಿರುವುದು ಹತ್ತು ನಿಮಿಷಕ್ಕೂ ಕಡಿಮೆ. ನಾಲ್ಕು ದೊಡ್ಡ ಸೂಟ್‌ಕೇಸ್ ಹಿಡಿದು ನಿಮ್ಮ ಶ್ರೀಮತಿಯವರಿಂದ ಇದು ಆಗದು. ಎರಡು ಉಪಾಯಗಳಿವೆ. ದೊಡ್ಡ ಸಾಮಾನನ್ನು ರೈಲ್ವೆಯ ಲಗೇಜ್ ಸೇವೆಯಲ್ಲಿ ಇಂಟರ್‌ಲಾಕೆನ್‌ನಿಂದ ಕೂರ್‌ಗೆ ಮೊದಲೇ ಕಳುಹಿಸಿಬಿಡಿ, ಅದು ತಲುಪಲು ಸಮಯ ಹಿಡಿಯುವುದರಿಂದ ಎರಡು ದಿನದ ಬಟ್ಟೆ ಕೈಚೀಲದಲ್ಲಿರಲಿ. ಅದು ಬೇಡವೆಂದರೆ ಬ್ರಿಗ್‌ನಿಂದ ಕೂರ್‌ವರೆಗೆ ಮಾತ್ರ ಗ್ಲೇಸಿಯರ್ ಎಕ್ಸ್‌ಪ್ರೆಸ್ ಹತ್ತಿ, ಅದು ಎರಡೂ ಕಡೆ ನಿಲ್ಲುತ್ತದೆ. ನಿಮ್ಮ ಮನೆಯ ಪರಿಸ್ಥಿತಿಯಲ್ಲಿ ಆ ಕಾಯ್ದಿರಿಸುವ ಶುಲ್ಕಕ್ಕೆ ಅರ್ಥವಿದೆ ಎಂದೇ ನನ್ನ ಅಭಿಪ್ರಾಯ, ಅದು ನೋಟಕ್ಕಲ್ಲ, ಮಂಡಿಗೆ. ಸೆಪ್ಟೆಂಬರ್ ಕೊನೆಯಲ್ಲಿ ರೈಲು ಓಡುತ್ತಿರುತ್ತದೆ. ಅಕ್ಟೋಬರ್ ಉತ್ತರಾರ್ಧದಿಂದ ಡಿಸೆಂಬರ್‌ವರೆಗೆ ಅದಕ್ಕೆ ಬಿಡುವು, ಪ್ರವಾಸ ಮುಂದೂಡುವುದಾದರೆ ಇದನ್ನು ಗಮನಿಸಿ.

ಈಗ ಪಾಸ್. ನಿಮ್ಮ ಮುಂದಿರುವ ನಿಜವಾದ ಆಯ್ಕೆಗಳು ಎರಡು: ಸ್ವಿಸ್ ಟ್ರಾವೆಲ್ ಪಾಸ್ ಮತ್ತು ಸ್ವಿಸ್ ಹಾಫ್ ಫೇರ್ ಕಾರ್ಡ್. ಮೊದಲನೆಯದು ರೈಲು, ಬಸ್, ದೋಣಿ, ನಗರದ ಟ್ರಾಮ್, ನೂರಾರು ವಸ್ತುಸಂಗ್ರಹಾಲಯಗಳನ್ನು ಒಳಗೊಳ್ಳುತ್ತದೆ. ರಿಗಿ, ಸ್ಟಾನ್ಸರ್‌ಹಾರ್ನ್, ಸ್ಟೂಸ್ ಬೆಟ್ಟಗಳ ಪ್ರಯಾಣವೂ ಸೇರಿದೆ. 2025ರಲ್ಲಿ ಎರಡನೆಯ ದರ್ಜೆಯ ಎಂಟು ದಿನದ ಪಾಸ್‌ನ ಬೆಲೆ 400 ಫ್ರಾಂಕ್ ಮೀರಿತ್ತು. ಹಾಫ್ ಫೇರ್ ಕಾರ್ಡ್ ಬಹುಕಾಲ 120 ಫ್ರಾಂಕ್‌ಗೆ ಸಿಗುತ್ತಿತ್ತು, ಒಂದು ತಿಂಗಳು ಬಹುತೇಕ ಎಲ್ಲ ಟಿಕೆಟ್ ಅರ್ಧ ಬೆಲೆಗೆ. ಬೆಲೆಗಳು ವರ್ಷದಿಂದ ವರ್ಷಕ್ಕೆ ಏರುತ್ತವೆ, ಕೊಳ್ಳುವ ದಿನ ಅಧಿಕೃತ ತಾಣದಲ್ಲಿ ನೋಡಿಕೊಳ್ಳಿ. ಹಿರಿಯರೆಂದು ಪಾಸ್‌ನಲ್ಲಿ ರಿಯಾಯಿತಿ ಇಲ್ಲ. ನಮ್ಮ ರೈಲ್ವೆಯೂ 2020ರಲ್ಲಿ ಆ ರಿಯಾಯಿತಿ ನಿಲ್ಲಿಸಿರುವುದರಿಂದ ನಿಮಗೆ ಇದು ಹೊಸ ನೋವೇನಲ್ಲ.

ಲೆಕ್ಕ ತಿರುಗುವುದು ಯುಂಗ್‌ಫ್ರೌಯೋಖ್‌ನಲ್ಲಿ. ಪಾಸ್ ಇದ್ದವರು ಇಂಟರ್‌ಲಾಕೆನ್‌ನಿಂದ ಗ್ರಿಂಡೆಲ್‌ವಾಲ್ಡ್ ಅಥವಾ ವೆಂಗನ್‌ವರೆಗೆ ಉಚಿತವಾಗಿ ಹೋಗುತ್ತಾರೆ, ಅಲ್ಲಿಂದ ಮೇಲಕ್ಕೆ ಅವರಿಗೆ ಸಿಗುವುದು ಶೇಕಡ 25 ರಿಯಾಯಿತಿ ಮಾತ್ರ. ಅದಕ್ಕಿಂತ ಅಗ್ಗದ ಹಾಫ್ ಫೇರ್ ಕಾರ್ಡ್ ಇದ್ದವರಿಗೆ ಶೇಕಡ 50. ಇಂಟರ್‌ಲಾಕೆನ್‌ನಿಂದ ಹೋಗಿಬರುವ ಪೂರ್ಣ ದರ ಋತುವಿಗೆ ತಕ್ಕಂತೆ 200 ಫ್ರಾಂಕ್ ಆಸುಪಾಸು ಅಥವಾ ಅದಕ್ಕಿಂತ ಮೇಲೆ ಇರುವುದರಿಂದ ಈ ವ್ಯತ್ಯಾಸ ಚಿಕ್ಕದಲ್ಲ.

ನಿಮ್ಮ ಎಂಟು ದಿನದ ದಾರಿಯನ್ನು ಅಂದಾಜಿನಲ್ಲಿ ಕೂಡಿಸಿದೆ. ಜ್ಯೂರಿಕ್‌ನಿಂದ ಲುಸರ್ನ್, ದೋಣಿ ಸೇರಿ ರಿಗಿ, ಬ್ರೂನಿಗ್ ಘಟ್ಟದ ಮೂಲಕ ಇಂಟರ್‌ಲಾಕೆನ್, ಒಂದು ದಿನ ಲೌಟರ್‌ಬ್ರುನನ್ ಮತ್ತು ಮ್ಯೂರೆನ್, ಆಂಡರ್‌ಮಾಟ್ ಮೂಲಕ ಕೂರ್, ತಿರಾನೊ, ಕೊನೆಗೆ ಗಡಿಯವರೆಗೆ. ಯುಂಗ್‌ಫ್ರೌಯೋಖ್ ಬಿಟ್ಟು ಪೂರ್ಣ ದರದಲ್ಲಿ ತಲೆಗೆ 450ರಿಂದ 500 ಫ್ರಾಂಕ್ ಆಗಬಹುದು. ಅದರ ಅರ್ಧಕ್ಕೆ ಕಾರ್ಡಿನ ಬೆಲೆ ಸೇರಿಸಿದರೂ ಎಂಟು ದಿನದ ಪಾಸ್‌ಗಿಂತ ಸ್ವಲ್ಪ ಕಡಿಮೆಯೇ. ಯುಂಗ್‌ಫ್ರೌಯೋಖ್ ಸೇರಿಸಿದರೆ ಅಂತರ ಇನ್ನೂ ಹಿಗ್ಗುತ್ತದೆ. ಮಗ ಅಧಿಕೃತ ಆ್ಯಪ್‌ನಲ್ಲಿ ಪ್ರತಿ ಪ್ರಯಾಣದ ದರ ಹಾಕಿ ಈ ಮೊತ್ತವನ್ನು ಒಮ್ಮೆ ತಿದ್ದಿಕೊಳ್ಳಲಿ, ಅರ್ಧ ಗಂಟೆಯ ಕೆಲಸ. ಮೊದಲ ದರ್ಜೆಯನ್ನು ಪೂರ್ತಿ ಬಿಟ್ಟುಬಿಡಿ. ಎರಡನೆಯ ದರ್ಜೆಯ ಸೀಟು ನಮ್ಮ ಚೇರ್ ಕಾರ್‌ಗಿಂತ ಚೆನ್ನಾಗಿರುತ್ತದೆ.

ಹಾಫ್ ಫೇರ್ ಕಾರ್ಡ್‌ನ ದೊಡ್ಡ ಗುಣ ದರಕ್ಕಿಂತ ಹವಾಮಾನಕ್ಕೆ ಸಂಬಂಧಿಸಿದ್ದು. ಮಳೆ ಹಿಡಿದು ಒಂದು ದಿನ ಹೋಟೆಲಿನಲ್ಲೇ ಕೂತರೆ ಖರ್ಚಿಲ್ಲ. ನಿರಂತರ ದಿನಗಳ ಪಾಸ್‌ನಲ್ಲಿ ಆ ದಿನ ಸುಟ್ಟುಹೋದ ಹಾಗೆ. ಅದರ ದೋಷ, ಪ್ರತಿ ರೈಲಿಗೂ ಹತ್ತುವ ಮುಂಚೆ ಎಲ್ಲರ ಟಿಕೆಟ್ ತೆಗೆಯಬೇಕು. ಮರೆತು ಹತ್ತಿದರೆ ‘ಗೊತ್ತಿರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ, ದಂಡ ಜೋರಾಗಿಯೇ ಇದೆ. ನಿಮ್ಮ ಜೊತೆ ಮಗ ಇದ್ದಾನೆ, ಆ ಕೆಲಸ ಅವನಿಗೆ ವಹಿಸಿ. ನೀವಿಬ್ಬರೇ ಹೋಗುತ್ತಿದ್ದರೆ, ಮೇಲಾಗಿ ಯುಂಗ್‌ಫ್ರೌಯೋಖ್ ಯೋಜನೆಯಲ್ಲಿ ಇರದಿದ್ದರೆ, ಸ್ವಲ್ಪ ಹೆಚ್ಚಾದರೂ ಟ್ರಾವೆಲ್ ಪಾಸನ್ನೇ ಕೊಳ್ಳಿ ಎನ್ನುತ್ತಿದ್ದೆ. ಕಂಡ ದೋಣಿ, ಕಂಡ ಬಸ್ ಹತ್ತುವ ನಿರಾಳಕ್ಕೂ ಬೆಲೆಯಿದೆ.

ಮೊಮ್ಮಗಳಿಗೆ ಪ್ರತ್ಯೇಕ ಪಾಸ್ ಕೊಳ್ಳಬೇಡಿ. ಹಾಫ್ ಫೇರ್ ಕಾರ್ಡ್ ಅಥವಾ ಪಾಸ್ ಕೊಳ್ಳುವಾಗ ಸ್ವಿಸ್ ಫ್ಯಾಮಿಲಿ ಕಾರ್ಡ್ ಕೇಳಿದರೆ ಉಚಿತವಾಗಿ ಕೊಡುತ್ತಾರೆ, 16ರೊಳಗಿನ ಮಕ್ಕಳಿಗೆ ಪ್ರಯಾಣ ಉಚಿತ. ಒಂದು ಷರತ್ತಿದೆ: ತಂದೆ ಅಥವಾ ತಾಯಿ ಜೊತೆಗಿರಬೇಕು. ಒಂದು ದಿನ ಅಜ್ಜ ಅಜ್ಜಿ ಮಾತ್ರ ಅವಳನ್ನು ದೋಣಿಯಲ್ಲಿ ಕರೆದುಕೊಂಡು ಹೋದರೆ ಆ ಕಾರ್ಡ್ ನಡೆಯದು, ಮಕ್ಕಳ ಟಿಕೆಟ್ ತೆಗೆಯಿರಿ.

ಯುಂಗ್‌ಫ್ರೌಯೋಖ್‌ಗೆ ದಿನಾಂಕ ನಿಗದಿಯಾದ ಟಿಕೆಟ್ಟನ್ನು ತಿಂಗಳುಗಟ್ಟಲೆ ಮುಂಚೆ ಕೊಳ್ಳುವುದು ಜೂಜು. ಮೇಲೆ ಮೋಡ ಮುಸುಕಿದರೆ ಕಾಣುವುದು ಬಿಳಿ ಗೋಡೆ. ಇಂಟರ್‌ಲಾಕೆನ್‌ನಲ್ಲಿ ನಿಮಗೆ ಎರಡು ಪೂರ್ಣ ದಿನಗಳಿವೆ. ಬೆಳಗ್ಗೆ ಎದ್ದು ಶಿಖರದ ನೇರ ಕ್ಯಾಮೆರಾ ಚಿತ್ರ ನೋಡಿ, ಯಾವ ದಿನ ತಿಳಿಯಾಗಿದೆಯೋ ಆ ದಿನ ಟಿಕೆಟ್ ತೆಗೆಯಿರಿ, ಇನ್ನೊಂದು ದಿನ ಮ್ಯೂರೆನ್‌ಗೆ ಹೋಗಿ. ಎರಡೂ ದಿನ ಮೋಡವಿದ್ದರೆ ಹೋಗಬೇಡಿ, ಆ ಹಣ ಉಳಿಯಿತು.

ನಿಮ್ಮ ಶ್ರೀಮತಿಯವರ ವಿಷಯದಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಆ ನಿಲ್ದಾಣ 3454 ಮೀಟರ್ ಎತ್ತರದಲ್ಲಿದೆ. ಸುಮಾರು 570 ಮೀಟರ್‌ನ ಇಂಟರ್‌ಲಾಕೆನ್‌ನಿಂದ ಎರಡು ಗಂಟೆ ಆಸುಪಾಸಿನಲ್ಲಿ ಅಲ್ಲಿಗೆ ತಲುಪಿಸಿಬಿಡುತ್ತಾರೆ. ಗಾಳಿಯಲ್ಲಿ ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರಮಟ್ಟದ ಮೂರನೇ ಎರಡರಷ್ಟು. ತಲೆಸುತ್ತು, ತಲೆನೋವು, ಏದುಸಿರು ಆರೋಗ್ಯವಂತರಿಗೂ ಬರುತ್ತವೆ. ರಕ್ತದೊತ್ತಡ ಹತೋಟಿಯಲ್ಲಿದ್ದರೆ ಎಷ್ಟೋ ಜನ ಹೋಗಿ ಬಂದಿದ್ದಾರೆ ನಿಜ, ಆದರೂ ಹೊರಡುವ ಮೊದಲು ಅವರ ವೈದ್ಯರನ್ನೇ ಕೇಳಬೇಕು, ನನ್ನನ್ನಲ್ಲ. ವೈದ್ಯರು ಬೇಡವೆಂದರೆ ಅವರು 2061 ಮೀಟರ್‌ನ ಕ್ಲೈನೆ ಷೈಡೆಗ್‌ವರೆಗೆ ಬಂದು ಐಗರ್ ಶಿಖರದ ಬುಡದಲ್ಲಿ ಕಾಫಿ ಕುಡಿಯುತ್ತಾ ಕೂರಬಹುದು. ಅದಕ್ಕಿಂತ ನನಗೆ ಇಷ್ಟವಾದದ್ದು ಶೀನಿಗೆ ಪ್ಲಾಟೆ. ಇಂಟರ್‌ಲಾಕೆನ್ ಪಕ್ಕದ ವಿಲ್ಡರ್ಸ್‌ವಿಲ್‌ನಿಂದ 1893ರಿಂದ ಓಡುತ್ತಿರುವ ಹಲ್ಲಿನ ಹಳಿಯ ಪುಟ್ಟ ರೈಲು, 2000 ಮೀಟರ್‌ಗೂ ಕೆಳಗೆ. ಅಲ್ಲಿಂದ ಐಗರ್, ಮೋಂಖ್, ಯುಂಗ್‌ಫ್ರೌ ಮೂರೂ ಸಾಲಾಗಿ ಕಾಣುತ್ತವೆ. ಯುಂಗ್‌ಫ್ರೌಯೋಖ್‌ನ ಮೇಲೆ ನಿಂತವರಿಗೆ ಈ ಸಾಲು ಕಾಣುವುದಿಲ್ಲ.

ಮಗನ ಇಂಟರ್‌ರೈಲ್ ಸಲಹೆ ಈ ಪ್ರವಾಸಕ್ಕೆ ಹೊಂದುವುದಿಲ್ಲ. ಜರ್ಮನಿಯಲ್ಲಿ ನೆಲೆಸಿರುವುದರಿಂದ ಅವನಿಗೆ ಇಂಟರ್‌ರೈಲ್, ಭಾರತದಿಂದ ಬರುವ ನಿಮಗೆ ಯೂರೈಲ್, ಎರಡೂ ಮುಖ್ಯವಾಗಿ ಹಲವು ದೇಶ ಸುತ್ತುವವರಿಗೆ. ಸ್ವಿಸ್ ನಗರಗಳ ಟ್ರಾಮ್ ಅದರಲ್ಲಿ ಬರುವುದಿಲ್ಲ, ಯುಂಗ್‌ಫ್ರೌಯೋಖ್‌ನಲ್ಲಿ ಅಲ್ಲೂ ಶೇಕಡ 25 ಮಾತ್ರ. ಮ್ಯೂನಿಕ್‌ನಿಂದ ಜ್ಯೂರಿಕ್‌ಗೆ ನೇರ ಯೂರೋಸಿಟಿ ರೈಲಿದೆ, ಸುಮಾರು ಮೂರೂವರೆ ಗಂಟೆ. ಅದರ ರಿಯಾಯಿತಿ ಟಿಕೆಟ್‌ಗಳು ಮುಂಚಿತವಾಗಿ ತೆಗೆದಷ್ಟೂ ಅಗ್ಗ. ಈಗಲೇ ಕೊಳ್ಳಬೇಕಾದ್ದು ಅದೊಂದೇ, ಜೊತೆಗೆ ಮನಸ್ಸು ಮಾಡಿದರೆ ಬ್ರಿಗ್‌ನಿಂದ ಕೂರ್‌ಗೆ ಗ್ಲೇಸಿಯರ್ ಆಸನ. ವಾಪಸಾಗುವಾಗ ಜ್ಯೂರಿಕ್‌ಗೆ ಮರಳಬೇಡಿ. ಪೊಂಟ್ರೆಸಿನಾದಿಂದ ಲ್ಯಾಂಡ್‌ಕ್ವಾರ್ಟ್ ಮೂಲಕ ಸೇಂಟ್ ಮಾರ್ಗ್ರೆಥೆನ್‌ಗೆ ಬಂದು ಅದೇ ಮ್ಯೂನಿಕ್ ರೈಲನ್ನು ಗಡಿಯಲ್ಲೇ ಹತ್ತಬಹುದು. ಹಿಂದಿರುಗುವ ಟಿಕೆಟ್ಟನ್ನು ಅಲ್ಲಿಂದಲೇ ತೆಗೆಯಲು ಮಗನಿಗೆ ಹೇಳಿ.